ಚಿಪ್ಪನ್ನು ತಿರುಗಿಸಿ, ಬಾಯಿ ನೋಡಿ

ಗೋವಾದ ವಾಸ್ಕೋದಲ್ಲಿರುವ ನಮ್ಮ ಧಾರವಾಡದ ಕಡೆಯವರ ಮಗಳು ಹೋದ ಭಾನುವಾರ ಅಂಜುನಾದ ಬಂಡೆಗಳ ಹತ್ತಿರ ನಿಂತು ಫೋಟೋ ಕಳಿಸಿದಳು. ಉಗುರಿನಷ್ಟು ದೊಡ್ಡ ಕಪ್ಪು ಬಸವನಹುಳು. "ಆಂಟಿ, ಇದು ಯಾವುದು?" ಫೋಟೋದಲ್ಲಿ ಬೆನ್ನು ಮಾತ್ರ ಇತ್ತು. "ತಿರುಗಿಸಿ ಬಾಯಿಯ ಫೋಟೋ ಕಳಿಸು ಪುಟ್ಟಿ" ಎಂದೆ.

ಬಣ್ಣವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಂದೇ ಜಾತಿಯಲ್ಲೇ ನಾಲ್ಕು ಬಣ್ಣ ಇರುತ್ತವೆ. ಮೇಲೆ ಪಾಚಿ ಬೇರೆ. ಬಾಯಿ, ಅಂದರೆ ಹುಳು ಹೊರಬರುವ ಚಿಪ್ಪಿನ ತೆರಪು, ಹಾಗಲ್ಲ. ಚೂಪು ತುದಿ ಮೇಲೆ, ಬಾಯಿ ನಮ್ಮ ಕಡೆ ಬರುವಂತೆ ಹಿಡಿಯಬೇಕು. ಬಾಯಿ ಅರ್ಧಚಂದ್ರದಂತಿದ್ದು, ನೇರವಾದ ಬದಿಯಲ್ಲಿ ಪುಟ್ಟ ಜಗಲಿ ಕಟ್ಟಿದ ಹಾಗಿದ್ದರೆ ಅದು ನೆರೈಟ್ ಅನ್ನುವ ಬಸವನಹುಳು. ಹುಳು ಒಳಗೆ ಸರಿದಾಗ ಬಾಯಿಗೆ ಹಾಕಿಕೊಳ್ಳುವ ಅದರ ಮುಚ್ಚಳ ಕಲ್ಲಿನಷ್ಟು ಗಟ್ಟಿ. ಬಾಯಿಯ ಒಳಗೆ ಮುತ್ತಿನ ಹೊಳಪಿದ್ದರೆ ಟ್ರೋಕಸ್ ಅಥವಾ ಟರ್ಬೋ ಬಳಗ. ತೆಳ್ಳಗಿನ ಗುಂಡು ಮುಚ್ಚಳ ಟ್ರೋಕಸ್‌ದು, ದಪ್ಪ ಕಲ್ಲುಮುಚ್ಚಳ ಟರ್ಬೋದು.

ಕಷ್ಟವಾಗುವುದು ಲಿಟ್ಟೊರೈನಾ ಮತ್ತು ಪ್ಲಾನಾಕ್ಸಿಸ್ ಎಂಬ ಎರಡು ಬಸವನಹುಳುಗಳ ನಡುವೆ. ಎರಡೂ ಚಿಕ್ಕವು, ಎರಡಕ್ಕೂ ತೆಳ್ಳನೆಯ ಕಂದು ಮುಚ್ಚಳ. ಬಾಯಿಯ ಕೆಳತುದಿಯನ್ನು ಲೆನ್ಸ್ ಇಟ್ಟು ನೋಡಿ. ಲಿಟ್ಟೊರೈನಾದಲ್ಲಿ ಅಂಚು ಎಲ್ಲೂ ತುಂಡಾಗದೆ ದುಂಡಗೆ ಸುತ್ತಿ ಬರುತ್ತದೆ. ಪ್ಲಾನಾಕ್ಸಿಸ್‌ನಲ್ಲಿ ಅಲ್ಲೊಂದು ಸಣ್ಣ ಕಚ್ಚು ಇರುತ್ತದೆ. ಅಲೆಗೆ ಬಡಿದು ಅಂಚು ಮುರಿದಿದ್ದರೂ ಕಚ್ಚಿನ ಹಾಗೇ ಕಾಣಬಹುದು, ಅಲ್ವಾ? ಅದಕ್ಕೆ ಚಿಪ್ಪು ಬೆಳೆದ ಗೆರೆಗಳನ್ನು ನೋಡಿ. ನಿಜವಾದ ಕಚ್ಚಿನ ಹತ್ತಿರ ಗೆರೆಗಳೂ ಅದರ ಜೊತೆಗೇ ಬಾಗಿರುತ್ತವೆ. ಮುರಿದ ಜಾಗದಲ್ಲಿ ಗೆರೆ ಅರ್ಧಕ್ಕೇ ಕತ್ತರಿಸಿ ಹೋಗಿರುತ್ತದೆ. ಈ ಒಂದು ಪರೀಕ್ಷೆಯನ್ನು ನಾನು ಯಾವತ್ತೂ ಬಿಡುವುದಿಲ್ಲ.

ಪುಟ್ಟಿಯ ಎರಡನೇ ಫೋಟೋದಲ್ಲಿ ಕಚ್ಚು ಸ್ಪಷ್ಟವಾಗಿತ್ತು. ಹೊರತುಟಿಯ, ಅಂದರೆ ಬಾಯಿಯ ಹೊರಬದಿಯ ಅಂಚಿನ, ಒಳಗೆ ಸಣ್ಣ ಏಣುಗಳು, ಬೆನ್ನ ಮೇಲೆ ಸುತ್ತಲೂ ಗೀರು. ಪ್ಲಾನಾಕ್ಸಿಸ್ ಸಲ್ಕೇಟಸ್. ಲ್ಯಾಟಿನ್ನಿನಲ್ಲಿ ಸಲ್ಕಸ್ ಅಂದರೆ ನೇಗಿಲ ಸಾಲು. ಉತ್ತ ಹೊಲ ನೋಡಿ ಬೆಳೆದ ನಮಗೆ ಆ ಹೆಸರು ಮರೆಯುವುದಿಲ್ಲ.

"ಆದರೆ ಆಂಟಿ, ಇದು ತುಂಬಾ ಮೇಲಿನ ಬಂಡೆಯಲ್ಲಿತ್ತು" ಎಂದಳು. ಅವಳು ಕೇಳಿದ್ದು ಸರಿ. ಉಬ್ಬರದ ನೀರು ಅಪರೂಪಕ್ಕೆ ತಾಗುವ ಮೇಲಿನ ಬಂಡೆ ಲಿಟ್ಟೊರೈನಾಗಳ ಜಾಗ. ಫೋಟೋ ದೊಡ್ಡದು ಮಾಡಿ ಮತ್ತೆ ನೋಡಿದೆ. ಬಾಯಿಯೊಳಗೆ ಕಂದು ಮುಚ್ಚಳ ಇರಲಿಲ್ಲ, ಒಂದು ಪುಟ್ಟ ಕೊಂಡಿ ಇತ್ತು. ಖಾಲಿ ಚಿಪ್ಪಿಗೆ ಸನ್ಯಾಸಿ ಏಡಿ ಬಂದು ಸೇರಿಕೊಂಡಿತ್ತು, ಚಿಪ್ಪನ್ನು ಮೇಲಿನ ಬಂಡೆಗೆ ಹೊತ್ತು ತಂದದ್ದೂ ಅದೇ. ಎತ್ತಿದ ಜಾಗದಲ್ಲೇ ವಾಪಸ್ ಇಡು ಎಂದೆ.