ಎಂಬೆಡೆಡ್ ಬ್ರೌಸರ್ ಅಂದರೆ ಏನು?

ಆ್ಯಪ್‌ನಲ್ಲಿ ಬಸ್ ಟಿಕೆಟ್ ಬುಕ್ ಮಾಡಿ ಹಣ ಕಟ್ಟಲು ಹೋದಾಗ ಬ್ಯಾಂಕಿನ ಒಟಿಪಿ ಪುಟ ಅದೇ ಆ್ಯಪ್‌ನೊಳಗೆ ತೆರೆಯುವುದುಂಟು. ಕ್ರೋಮ್ ತೆರೆದಿರುವುದಿಲ್ಲ, ಮೇಲೆ ವಿಳಾಸ ತೋರಿಸುವ ಜಾಗವೂ ಇರುವುದಿಲ್ಲ. ಆದರೂ ಕಾಣುತ್ತಿರುವುದು ವೆಬ್ ಪುಟವೇ. ಹೀಗೆ ಬೇರೊಂದು ಪ್ರೋಗ್ರಾಮಿನ ಒಳಗೆ ಕೂತು ಪುಟ ತೋರಿಸುವ ಬ್ರೌಸರೇ ಎಂಬೆಡೆಡ್ ಬ್ರೌಸರ್. ಆಂಡ್ರಾಯ್ಡ್‌ನಲ್ಲಿ ಇದು ವೆಬ್‌ವ್ಯೂ. ವಿಂಡೋಸ್‌ನಲ್ಲಿ ಹಿಂದೆ ವೆಬ್‌ಬ್ರೌಸರ್ ಕಂಟ್ರೋಲ್ ಇತ್ತು, 2020ರಿಂದ ವೆಬ್‌ವ್ಯೂ2 ಇದೆ.

ಇದರಿಂದ ಲಾಭ ದೊಡ್ಡದು. ಚಿಕ್ಕ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಮ್) ಬರೆಯುವವರೂ ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಚೆಂದದ ಕಿಟಕಿ, ಗ್ರಾಫ್, ಚಿತ್ರ ಎಲ್ಲ ಮಾಡಿಕೊಳ್ಳಬಹುದು. ಆದರೆ ಪ್ರೋಗ್ರಾಮರ್‌ಗಳು ಒಬ್ಬರನ್ನೊಬ್ಬರು ಸಹಾಯ ಕೇಳುವಾಗ ಮತ್ತೆ ಮತ್ತೆ ಬರುವ ದೂರೂ ಇಲ್ಲಿಂದಲೇ ಹುಟ್ಟುತ್ತದೆ: ‘ಕ್ರೋಮ್‌ನಲ್ಲಿ ಸರಿಯಾಗಿ ಬರುತ್ತೆ, ನನ್ನ ಪ್ರೋಗ್ರಾಮಿನೊಳಗೆ ಮಾತ್ರ ಖಾಲಿ.’

ಒಂದು ಉದಾಹರಣೆ ನೋಡಿ. ಒಬ್ಬರು ಆಟೋಹಾಟ್‌ಕೀ (ವಿಂಡೋಸ್‌ನ ಕೆಲಸಗಳನ್ನು ತಾನಾಗಿ ಮಾಡಿಸುವ ಭಾಷೆ) ಸ್ಕ್ರಿಪ್ಟಿನ ಕಿಟಕಿಯೊಳಗೆ ಹಳೆಯ ವೆಬ್‌ಬ್ರೌಸರ್ ಕಂಟ್ರೋಲ್ ಕೂರಿಸಿ, ಅದರಲ್ಲಿ ಕ್ಯಾನ್ವಾಸ್ (ಪುಟದಲ್ಲಿ ಚಿತ್ರ ಬಿಡಿಸುವ ಸೌಲಭ್ಯ) ಬಳಸಿ ಗ್ರಾಫ್ ಬಿಡಿಸಲು ಹೊರಟಿದ್ದಾರೆ. ಏನೂ ಮೂಡುತ್ತಿಲ್ಲ. ಪಳಗಿದವರು ಗ್ರಾಫಿನ ಕೋಡ್ ಕಡೆ ಮೊದಲು ನೋಡುವುದೇ ಇಲ್ಲ. ‘ಪುಟದೊಳಗೆ ಡಾಕ್ಯುಮೆಂಟ್‌ಮೋಡ್ ಎಷ್ಟಿದೆ ಅಂತ ಪ್ರಿಂಟ್ ಮಾಡಿ ಹೇಳಿ’ ಅನ್ನುತ್ತಾರೆ. ಬ್ರೌಸರ್ ಆ ಪುಟವನ್ನು ಎಷ್ಟನೇ ಆವೃತ್ತಿಯ ಹಾಗೆ ತೋರಿಸುತ್ತಿದೆ ಅನ್ನುವ ಸಂಖ್ಯೆ ಅದು. ಉತ್ತರ ಬರುತ್ತದೆ: 7. ಅಲ್ಲಿಗೆ ಗುಟ್ಟು ರಟ್ಟು. ಈ ಕಂಟ್ರೋಲ್ ಮೈಕ್ರೋಸಾಫ್ಟ್‌ನ ಹಳೆಯ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಎಂಜಿನ್, ಅಂದರೆ ಪುಟವನ್ನು ಓದಿ ಪರದೆಗೆ ತರುವ ಭಾಗ. ಕಂಪ್ಯೂಟರಿನಲ್ಲಿ 11ನೇ ಆವೃತ್ತಿ ಇದ್ದರೂ, ಬೇರೆ ಪ್ರೋಗ್ರಾಮಿನೊಳಗೆ ಅದು 7ನೇ ಆವೃತ್ತಿಯ ಹಾಗೆ ನಡೆದುಕೊಳ್ಳುತ್ತದೆ. ಹಳೆಯ ಪ್ರೋಗ್ರಾಮುಗಳು ಕೆಡಬಾರದು ಅಂತ ಮೈಕ್ರೋಸಾಫ್ಟ್ ಮಾಡಿದ ಏರ್ಪಾಡು ಅದು. ಕ್ಯಾನ್ವಾಸ್ ಬಂದದ್ದೇ 9ನೇ ಆವೃತ್ತಿಯಲ್ಲಿ. ಹಾಗಿರುವಾಗ ಗ್ರಾಫ್ ಎಲ್ಲಿಂದ ಬರಬೇಕು?

ಪರಿಹಾರ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿದೆ. ‘ಫೀಚರ್ ಬ್ರೌಸರ್ ಎಮ್ಯುಲೇಷನ್’ ಅನ್ನುವ ಕೀ ಕೆಳಗೆ ಪ್ರೋಗ್ರಾಮಿನ ಫೈಲ್ ಹೆಸರು ಬರೆದು 11001 ಅಂತ, ಅಂದರೆ 11ನೇ ಆವೃತ್ತಿಯ ಹಾಗೆ ನಡೆದುಕೋ ಅಂತ ಕೊಡಬೇಕು. ಪುಟ ನಮ್ಮದೇ ಆಗಿದ್ದರೆ ತಲೆಭಾಗದಲ್ಲಿ ಅದನ್ನೇ ಹೇಳುವ ಒಂದು ಮೆಟಾ ಟ್ಯಾಗ್ ಹಾಕಿದರೂ ಸಾಕು. ಇಲ್ಲೊಂದು ಮಜಾ ಇದೆ. ಆ ಸೆಟ್ಟಿಂಗ್ ಅನ್ವಯಿಸುವುದು ಫೈಲ್ ಹೆಸರಿಗೆ. ಸ್ಕ್ರಿಪ್ಟನ್ನು ಕಂಪೈಲ್ ಮಾಡಿ ಬೇರೆ ಹೆಸರಿನ ಇಎಕ್ಸ್‌ಇ (ತಾನೇ ಓಡುವ ಪ್ರೋಗ್ರಾಮ್ ಫೈಲ್) ಮಾಡಿದ ಕೂಡಲೇ ಗ್ರಾಫ್ ಮತ್ತೆ ಮಾಯ! ‘ನಿನ್ನೆ ಸರಿ ಇತ್ತು, ಇವತ್ತು ಹೋಯ್ತು’ ಅಂತ ಅದೇ ವ್ಯಕ್ತಿ ವಾಪಸ್ ಬಂದರೆ, ಮೊದಲು ಕೇಳಬೇಕಾದದ್ದು ಫೈಲ್ ಹೆಸರನ್ನೇ. ನನ್ನ ಪ್ರಕಾರ ಹೊಸ ಕೆಲಸಕ್ಕೆ ಈ ಹಳೆಯ ಕಂಟ್ರೋಲ್ ಬೇಡವೇ ಬೇಡ. ವೆಬ್‌ವ್ಯೂ2 ಎಡ್ಜ್‌ನ ಕ್ರೋಮಿಯಂ ಎಂಜಿನ್ ಬಳಸುತ್ತದೆ, ಈ ತಲೆನೋವು ಇರುವುದಿಲ್ಲ.

ಆಂಡ್ರಾಯ್ಡ್‌ನ ತಂಟೆ ಬೇರೆ ಥರ. ವೆಬ್‌ವ್ಯೂನಲ್ಲಿ ಜಾವಾಸ್ಕ್ರಿಪ್ಟ್ (ಪುಟದೊಳಗೆ ಓಡುವ ಕೋಡ್) ಮೊದಲಿಗೆ ಬಂದ್ ಆಗಿಯೇ ಇರುತ್ತದೆ, ನಾವೇ ಆನ್ ಮಾಡಬೇಕು. ಪುಟದಿಂದ ಆ್ಯಪ್‌ನ ಫಂಕ್ಷನ್ ಕರೆಯಬಹುದು, ಆದರೆ ಆ ಕರೆ ಓಡುವುದು ಹಿನ್ನೆಲೆಯ ಥ್ರೆಡ್‌ನಲ್ಲಿ, ಅಂದರೆ ಪರದೆ ನೋಡಿಕೊಳ್ಳುವ ಮುಖ್ಯ ಸಾಲಿನ ಪಕ್ಕದಲ್ಲಿ ಬೇರೆಯಾಗಿ ಸಾಗುವ ಕೆಲಸದ ಸಾಲಿನಲ್ಲಿ. ಅಲ್ಲಿಂದಲೇ ಪರದೆಯ ಮೇಲಿನ ಅಕ್ಷರ ಬದಲಿಸಲು ಹೋದರೆ ಎರರ್. ಆ ಕೆಲಸವನ್ನು ಮುಖ್ಯ ಥ್ರೆಡ್‌ಗೆ ದಾಟಿಸಬೇಕು, ಅಷ್ಟೆ.

ಗೂಗಲ್ ಲಾಗಿನ್ ಇಂಥ ಬ್ರೌಸರಿನೊಳಗೆ ಯಾಕೆ ನಡೆಯುವುದಿಲ್ಲ ಅನ್ನುವುದೂ ಹಲವರು ಕೇಳುವ ಪ್ರಶ್ನೆ. ಅದು ಬಗ್ ಅಲ್ಲ. ಪುಟವನ್ನು ಒಳಗೆ ಕೂರಿಸಿಕೊಂಡ ಆ್ಯಪ್‌ಗೆ ನೀವು ಟೈಪ್ ಮಾಡುವ ಪಾಸ್‌ವರ್ಡ್ ನೋಡಲು ಸಾಧ್ಯವಿದೆ, ಅದಕ್ಕೇ ಗೂಗಲ್ 2017ರಲ್ಲಿ ಇದನ್ನು ತಡೆಯಲು ಶುರು ಮಾಡಿತು. ‘ಹೇಗಾದರೂ ಮಾಡಿ ದಾಟಿಸಿಕೊಡಿ’ ಅಂತ ಕೇಳುವವರಿಗೆ ದಾರಿ ಹೇಳಿಕೊಡಬಾರದು. ಲಾಗಿನ್ ಮಾತ್ರ ಫೋನಿನ ನಿಜವಾದ ಬ್ರೌಸರಿನಲ್ಲಿ ತೆರೆಸಿ ಅನ್ನುವುದೇ ಸರಿಯಾದ ಉತ್ತರ.

ನಿಮಗೂ ಸಹಾಯ ಬೇಕಾದರೆ ಎಂಜಿನ್ ಯಾವುದು, ಆವೃತ್ತಿ ಎಷ್ಟು ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಆಂಡ್ರಾಯ್ಡ್ ಆದರೆ ಡಿಬಗ್ಗಿಂಗ್ (ತಪ್ಪು ಹುಡುಕುವ ಸೌಲಭ್ಯ) ಆನ್ ಮಾಡುವ ಒಂದು ಸಾಲನ್ನು ಕೋಡ್‌ಗೆ ಸೇರಿಸಿ, ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಕಂಪ್ಯೂಟರಿನ ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಪುಟ (chrome://inspect) ತೆರೆಯಿರಿ. ಖಾಲಿ ಪರದೆಯ ಫೋಟೋ ಕಳಿಸುವ ಬದಲು ಅಲ್ಲಿ ಕೆಂಪಾಗಿ ಕಾಣುವ ಎರರ್ ಸಾಲನ್ನು ಹಾಗೇ ಕಾಪಿ ಮಾಡಿ ಹಾಕಿ.