ಹತ್ತು ಲಕ್ಷ ಎಂಬ ಲೆಕ್ಕದ ಹುಟ್ಟು

ಅದೊಂದು ಊಟದ ಡಬ್ಬಿ. ಒಳಗಿದ್ದ ಅನ್ನ, ಬಟಾಣಿ ಸುಟ್ಟು ಇದ್ದಿಲಾಗಿವೆ. 1945ರ ಆಗಸ್ಟ್ 6ರ ಬೆಳಿಗ್ಗೆ ಅದನ್ನು ಹಿಡಿದು ಮನೆಯಿಂದ ಹೊರಟವಳು ಹಿರೋಷಿಮಾದ ಒಬ್ಬ ಶಾಲಾ ಹುಡುಗಿ. ವೈಮಾನಿಕ ದಾಳಿಯಾದರೆ ಬೆಂಕಿ ಹರಡದಿರಲೆಂದು ನಗರದ ನಡುವಿನ ಮನೆಗಳನ್ನು ಕೆಡವಿ ಜಾಗ ತೆರವು ಮಾಡಲಾಗುತ್ತಿತ್ತು. ಆ ಕೆಲಸಕ್ಕೆ ಸಾವಿರಾರು ಮಕ್ಕಳನ್ನು ಹಚ್ಚಿದ್ದರು. ಬಾಂಬ್ ಸಿಡಿದದ್ದು 8 ಗಂಟೆ 15 ನಿಮಿಷಕ್ಕೆ. ಬುತ್ತಿ ಬಿಚ್ಚುವ ಹೊತ್ತು ಬರಲೇ ಇಲ್ಲ.

ಐವತ್ತು ವರ್ಷಗಳ ನಂತರ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯ ಈ ಬುತ್ತಿಯನ್ನೂ ಬಾಂಬ್ ಹಾಕಿದ ‘ಎನೋಲಾ ಗೇ’ ವಿಮಾನವನ್ನೂ ಒಂದೇ ಸೂರಿನಡಿ ತೋರಿಸಲು ಹೊರಟಿತು. ನಿವೃತ್ತ ಯೋಧರ ಸಂಘಟನೆಗಳು ಕೆರಳಿದವು, ಸೆನೆಟ್ ಖಂಡನಾ ನಿರ್ಣಯ ಅಂಗೀಕರಿಸಿತು. ಆದರೆ ಪ್ರದರ್ಶನವನ್ನು ಕೊನೆಗೆ ಮುಳುಗಿಸಿದ್ದು ಒಂದು ಸಂಖ್ಯೆ. ಜಪಾನಿನ ನೆಲಕ್ಕೆ ಸೇನೆ ಇಳಿಸಿದ್ದರೆ ಅಮೆರಿಕದ ಸಾವುನೋವು 63,000ದಷ್ಟು ಎಂದು ವಿವರಣೆಯನ್ನು ತಿದ್ದುವುದಾಗಿ 1995ರ ಜನವರಿಯಲ್ಲಿ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ಪತ್ರ ಬರೆದರು. ಯೋಧರು ಅಲ್ಲಿಯವರೆಗೆ ಕೇಳಿಕೊಂಡು ಬಂದದ್ದು ಹತ್ತು ಲಕ್ಷ. ತಿಂಗಳು ತುಂಬುವುದರೊಳಗೆ ಪ್ರದರ್ಶನ ರದ್ದಾಯಿತು. ಮೇ ತಿಂಗಳಲ್ಲಿ ಹಾರ್ವಿಟ್ ಹುದ್ದೆ ಬಿಟ್ಟರು.

ಬಾಂಬ್ ಹಾಕದಿದ್ದರೆ ದಂಡಯಾತ್ರೆ, ದಂಡಯಾತ್ರೆಯಾಗಿದ್ದರೆ ಹತ್ತು ಲಕ್ಷ ಹೆಣ. ‘ಬಾಂಬ್ ಹಾಕಿದ್ದು ಸರಿಯೇ’ ಎಂಬ ಚರ್ಚೆ ಸಾಮಾನ್ಯವಾಗಿ ಈ ಎರಡು ಹೆಜ್ಜೆಯಲ್ಲಿ ಮುಗಿದುಹೋಗುತ್ತದೆ. ಆ ಹತ್ತು ಲಕ್ಷ ಬಂದದ್ದಾದರೂ ಎಲ್ಲಿಂದ?

1945ರ ಜೂನ್ 18ರಂದು ಶ್ವೇತಭವನದಲ್ಲಿ ಅಧ್ಯಕ್ಷ ಟ್ರೂಮನ್ ಸೇನಾ ಮುಖ್ಯಸ್ಥರ ಸಭೆ ಕರೆದಿದ್ದರು. ಒಕಿನಾವಾ ದ್ವೀಪದ ಕದನ ಆಗಷ್ಟೇ ಮುಗಿಯುತ್ತಿತ್ತು. ಅಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು, ಜಪಾನೀಯರ ಕಡೆ ಸೈನಿಕರೂ ನಾಗರಿಕರೂ ಸೇರಿ ಅದರ ಹಲವು ಪಟ್ಟು. ಮುಂದಿನ ಯೋಜನೆ ನವೆಂಬರ್ 1ರಂದು ಕ್ಯೂಷು ದ್ವೀಪಕ್ಕೆ, ಮರುವರ್ಷದ ವಸಂತದಲ್ಲಿ ಟೋಕಿಯೊ ಬಯಲಿಗೆ ಇಳಿಯುವುದು. ಎರಡಕ್ಕೂ ಸೇರಿ ಸುಮಾರು 40,000 ಸಾವು ಎಂದು ಯೋಜನಾ ಸಮಿತಿ ಮೂರು ದಿನ ಮೊದಲು ಅಂದಾಜು ಮಾಡಿತ್ತು. ಕ್ಯೂಷುವಿನ ಮೊದಲ ಮೂವತ್ತು ದಿನದ ನಷ್ಟ ಫಿಲಿಪ್ಪೀನ್ಸಿನ ಲೂಝಾನ್‌ನಲ್ಲಿ ತೆತ್ತ ಬೆಲೆಯನ್ನು ಮೀರಲಾರದು ಎಂದು ಭೂಸೇನಾ ಮುಖ್ಯಸ್ಥ ಜನರಲ್ ಮಾರ್ಷಲ್ ಸಭೆಗೆ ಹೇಳಿದರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಅದು 31,000. ಮಾಜಿ ಅಧ್ಯಕ್ಷ ಹೂವರ್ ಐದರಿಂದ ಹತ್ತು ಲಕ್ಷ ಜೀವ ಎಂದು ಬರೆದುಕೊಟ್ಟದ್ದೂ ಉಂಟು. ಅದು ವಿಪರೀತ ಎಂದು ಸೇನೆಯ ಅಧಿಕಾರಿಗಳೇ ಬದಿಗಿಟ್ಟರು. ಆದರೆ ಕ್ಯೂಷುವಿನಲ್ಲಿ ಜಪಾನ್ ನಿರೀಕ್ಷೆಗಿಂತ ಬಹಳ ಹೆಚ್ಚು ಸೇನೆ ಜಮಾಯಿಸುತ್ತಿರುವುದು ಜುಲೈ ಹೊತ್ತಿಗೆ ಗುಪ್ತ ಸಂದೇಶಗಳಿಂದ ಗೊತ್ತಾಗಿತ್ತು. ಜೂನ್ ಲೆಕ್ಕವೇ ಅಂತಿಮ ಸತ್ಯ ಎನ್ನುವಂತೆಯೂ ಇಲ್ಲ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವ ಸಂಗತಿ ಬೇರೆ. ಬಾಂಬೋ ದಂಡಯಾತ್ರೆಯೋ ಎಂದು ತಕ್ಕಡಿಯಲ್ಲಿಟ್ಟು ತೂಗಿದ ಸಭೆ ಆ ಬೇಸಿಗೆಯಲ್ಲಿ ನಡೆಯಲೇ ಇಲ್ಲ. ಬಾಂಬ್ ಸಿದ್ಧವಾದರೆ ಬಳಸುವುದೇ ಎಂದು ಎಲ್ಲರೂ ಮೊದಲೇ ಒಪ್ಪಿಕೊಂಡಂತಿತ್ತು. ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ನೇತೃತ್ವದ ಸಮಿತಿ ಮುನ್ನೆಚ್ಚರಿಕೆ ಕೊಡದೆ ಹಾಕಬೇಕೆಂದಿತು, ಗುರಿ ‘ಕಾರ್ಮಿಕರ ಮನೆಗಳಿಂದ ಸುತ್ತುವರಿದ ಯುದ್ಧ ಕಾರ್ಖಾನೆ’ ಆಗಿರಬೇಕೆಂದಿತು. ಆ ಮನೆಗಳಲ್ಲಿ ಇದ್ದವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಲಿಯೊ ಸಿಲಾರ್ಡ್ ಮೊದಲಾದ ಎಪ್ಪತ್ತು ವಿಜ್ಞಾನಿಗಳ ಮನವಿಪತ್ರ ಮೇಲಿನವರನ್ನು ಮುಟ್ಟಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಕಿಬಾಂಬ್‌ಗಳಿಂದ ಟೋಕಿಯೊದಲ್ಲಿ ಒಂದೇ ರಾತ್ರಿ ಸುಮಾರು ಒಂದು ಲಕ್ಷ ಜನ ಬೆಂದುಹೋಗಿದ್ದರು. ನಗರವನ್ನೇ ಗುರಿಯಾಗಿಸಬಾರದೆಂಬ ಗೆರೆ ಅಂದೇ ಅಳಿಸಿತ್ತು.

ಜುಲೈ 25ರ ಆದೇಶಪತ್ರವನ್ನು ಒಮ್ಮೆ ಓದಬೇಕು. ಆಗಸ್ಟ್ 3ರ ನಂತರ ಹವೆ ತಿಳಿಯಾದ ಕೂಡಲೇ ಹಿರೋಷಿಮಾ, ಕೊಕುರಾ, ನಿಗಾಟ, ನಾಗಾಸಾಕಿಗಳಲ್ಲಿ ಒಂದರ ಮೇಲೆ ಮೊದಲ ಬಾಂಬ್ ಹಾಕುವುದು, ಉಳಿದವನ್ನು ಸಿದ್ಧವಾದಂತೆ ಹಾಕುತ್ತ ಹೋಗುವುದು. ಅಂದರೆ ನಾಗಾಸಾಕಿಗೆಂದು ಬೇರೆ ನಿರ್ಧಾರವೇ ಆಗಲಿಲ್ಲ. ಆಗಸ್ಟ್ 9ರಂದು ಕೊಕುರಾ ಕಣ್ಣಿಗೆ ಕಾಣದೆ ವಿಮಾನ ನಾಗಾಸಾಕಿಗೆ ತಿರುಗಿತು, ಅಷ್ಟೇ. ಇನ್ನೂ ಒಂದು ಮಾತು: ಶರಣಾಗಿ ಎಂದು ಜಪಾನಿಗೆ ಕೊನೆಯ ಎಚ್ಚರಿಕೆ ಕೊಟ್ಟ ಪಾಟ್ಸ್‌ಡ್ಯಾಮ್ ಘೋಷಣೆ ಹೊರಬಿದ್ದದ್ದು ಈ ಆದೇಶದ ಮರುದಿನ.

ಹಾಗಾದರೆ ಜಪಾನ್ ಹೇಗೂ ಸೋತಿತ್ತು, ಬಾಂಬ್ ಬೇಕಿರಲಿಲ್ಲ ಎನ್ನಬಹುದೇ? ಅದೂ ಅಷ್ಟು ಸಲೀಸಲ್ಲ. ಸೋತಿತ್ತು ನಿಜ, ಒಪ್ಪಿಕೊಂಡಿರಲಿಲ್ಲ. ಆಗಸ್ಟ್ 9ರ ಬೆಳಿಗ್ಗೆ ಟೋಕಿಯೊದಲ್ಲಿ ಯುದ್ಧ ಮಂಡಳಿಯ ಆರು ಮಂದಿ ಸೇರಿದ್ದರು. ಹಿಂದಿನ ರಾತ್ರಿ ಸೋವಿಯತ್ ಒಕ್ಕೂಟ ಯುದ್ಧ ಸಾರಿ ಮಂಚೂರಿಯಾಕ್ಕೆ ನುಗ್ಗಿತ್ತು. ಮಾಸ್ಕೋದ ಮಧ್ಯಸ್ಥಿಕೆ ಸಿಕ್ಕೀತೆಂದು ಕಾಯುತ್ತಿದ್ದವರಿಗೆ ಆ ಬಾಗಿಲೂ ಮುಚ್ಚಿತು. ಸಭೆಯ ನಡುವೆಯೇ ನಾಗಾಸಾಕಿಯ ಸುದ್ದಿ ಬಂತು. ಆದರೂ ಮೂವರು ಆ ಕಡೆ, ಮೂವರು ಈ ಕಡೆ. ಚಕ್ರವರ್ತಿಯ ಸ್ಥಾನ ಉಳಿದರೆ ಸಾಕು ಎಂದರು ವಿದೇಶಾಂಗ ಸಚಿವ ಟೋಗೊ ಮತ್ತಿಬ್ಬರು. ಅಷ್ಟು ಸಾಲದು, ಗೆದ್ದವರ ಸೇನೆ ಕಾಲಿಡಬಾರದು, ಶಸ್ತ್ರ ನಾವೇ ಇಳಿಸುತ್ತೇವೆ, ಯುದ್ಧಾಪರಾಧಿಗಳನ್ನು ನಾವೇ ವಿಚಾರಿಸುತ್ತೇವೆ ಎಂದು ಪಟ್ಟುಹಿಡಿದರು ಸೇನಾ ಸಚಿವ ಅನಾಮಿ ಮತ್ತಿಬ್ಬರು. ಗಂಟು ಬಿಡಿಸಲು ನಡುರಾತ್ರಿ ಚಕ್ರವರ್ತಿ ಹಿರೋಹಿಟೊ ಬಾಯಿ ತೆರೆಯಬೇಕಾಯಿತು. ಅವರನ್ನು ಮಣಿಸಿದ್ದು ಬಾಂಬೋ ಸೋವಿಯತ್ ದಾಳಿಯೋ? ಆಗಸ್ಟ್ 15ರಂದು ಪ್ರಜೆಗಳಿಗೆ ಬಾನುಲಿಯಲ್ಲಿ ಮಾತಾಡುವಾಗ ಅವರು ‘ಹೊಸ, ಅತಿ ಕ್ರೂರ ಬಾಂಬ್’ ಎಂದರು, ಸೋವಿಯತ್ ಹೆಸರೆತ್ತಲಿಲ್ಲ. ಎರಡು ದಿನ ಬಿಟ್ಟು ಸೈನಿಕರಿಗೆ ಹೊರಡಿಸಿದ ಆಜ್ಞೆಯಲ್ಲಿ ಸೋವಿಯತ್ ದಾಳಿಯ ಕಾರಣ ಹೇಳಿದರು, ಬಾಂಬ್‌ನ ಮಾತೇ ಇಲ್ಲ. ಇತಿಹಾಸಕಾರರು ಇಂದಿಗೂ ಜಗ್ಗಾಡುತ್ತಿರುವುದಕ್ಕೆ ಆಶ್ಚರ್ಯವಿಲ್ಲ.

ಯುದ್ಧ ಒಂದೊಂದು ದಿನ ಮುಂದುವರಿದಂತೆ ಚೀನಾದಲ್ಲಿ, ಆಗ್ನೇಯ ಏಷ್ಯಾದಲ್ಲಿ ಜನ ಸಾಯುತ್ತಲೇ ಇದ್ದರು. 1942ರಲ್ಲಿ ಸಿಂಗಪುರ ಬಿದ್ದಾಗ ಸೆರೆಯಾದ ಭಾರತೀಯ ಸೈನಿಕರಲ್ಲಿ ಮೈಸೂರು ಸಂಸ್ಥಾನದ ಪದಾತಿದಳದವರೂ ಇದ್ದರು. ಜಪಾನೀಯರ ಶಿಬಿರಗಳಲ್ಲಿ ಉಳಿದಿದ್ದವರಿಗೆ ಯುದ್ಧ ಆಗಸ್ಟ್‌ನಲ್ಲೇ ಮುಗಿದದ್ದು ಜೀವದಾನವೇ. ವಿರೋಧದ ವಾದ ಮಾಡುವವರು ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಆದರೆ ಚಕ್ರವರ್ತಿಯ ಸ್ಥಾನ ಉಳಿಯಬಹುದೆಂದು ಹೇಳಿ ಜುಲೈನಲ್ಲಿ ಪಾಟ್ಸ್‌ಡ್ಯಾಮ್ ಘೋಷಣೆಯ ಕರಡಿನಿಂದ ಹೊಡೆದುಹಾಕಿದ ಮಾತನ್ನೇ ಅಮೆರಿಕ ಆಗಸ್ಟ್ 11ರಂದು ಅರ್ಧ ಬಾಯಲ್ಲಿ ಕೊಟ್ಟಿತಲ್ಲ, ಅದನ್ನು ಮೊದಲೇ ಕೊಟ್ಟು ನೋಡಬಾರದಿತ್ತೇ ಎಂಬ ಪ್ರಶ್ನೆಗೆ ಸಮರ್ಥಿಸುವವರ ಬಳಿ ಗಟ್ಟಿ ಉತ್ತರ ನನಗೆ ಕಂಡಿಲ್ಲ. ಮೂರೇ ದಿನಕ್ಕೆ ಎರಡನೆಯದೇಕೆ ಎಂಬುದಕ್ಕಂತೂ ಇಲ್ಲವೇ ಇಲ್ಲ. ಆಗಸ್ಟ್ 10ರಂದು ಟ್ರೂಮನ್ನರೇ ತಮ್ಮ ಅಪ್ಪಣೆಯಿಲ್ಲದೆ ಇನ್ನೊಂದು ಬಾಂಬ್ ಹಾಕಕೂಡದೆಂದರು. ಇನ್ನೂ ಒಂದು ಲಕ್ಷ ಜನರನ್ನು, ‘ಆ ಮಕ್ಕಳನ್ನೆಲ್ಲ’ ಕೊಲ್ಲುವ ಯೋಚನೆ ಅವರಿಗೆ ಸಹಿಸಲಾಗಲಿಲ್ಲ ಎಂದು ಸಚಿವ ಹೆನ್ರಿ ವಾಲೇಸ್ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ.

ಮೊದಲ ವಾರಗಳಲ್ಲಿ ಅಮೆರಿಕದಲ್ಲಿ ಯಾರಿಗೂ ಸಮರ್ಥನೆ ಬೇಕಿರಲಿಲ್ಲ. ಗ್ಯಾಲಪ್ ಸಮೀಕ್ಷೆಯಲ್ಲಿ 85 ಶೇಕಡಾ ಜನ ಸರಿ ಎಂದಿದ್ದರು. ಗಾಳಿ ತಿರುಗಿದ್ದು 1946ರಲ್ಲಿ. ಬಾಂಬ್ ಇಲ್ಲದಿದ್ದರೂ ವರ್ಷ ಮುಗಿಯುವುದರೊಳಗೆ ಜಪಾನ್ ಶರಣಾಗುತ್ತಿತ್ತು ಎಂದು ಸರ್ಕಾರದ್ದೇ ಬಾಂಬ್ ದಾಳಿ ಸಮೀಕ್ಷಾ ವರದಿ ಹೇಳಿತು. ಆಗಸ್ಟ್ ಕೊನೆಯಲ್ಲಿ ‘ನ್ಯೂಯಾರ್ಕರ್’ ಪತ್ರಿಕೆ ಇಡೀ ಸಂಚಿಕೆಯನ್ನು ಹಿರೋಷಿಮಾದ ಆರು ಮಂದಿ ಬದುಕುಳಿದವರ ಕಥೆಗೆ ಮೀಸಲಿಟ್ಟಿತು. ಹಾರ್ವರ್ಡ್ ಅಧ್ಯಕ್ಷ ಜೇಮ್ಸ್ ಕೊನಾಂಟ್, ಬಾಂಬ್ ನಿರ್ಣಯದಲ್ಲಿ ಪಾಲಿದ್ದವರು, ಗಾಬರಿಯಾದರು. ಅವರ ಒತ್ತಾಯಕ್ಕೆ ನಿವೃತ್ತ ಸ್ಟಿಮ್ಸನ್ 1947ರ ಫೆಬ್ರವರಿಯ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಲೇಖನ ಬರೆದರು. ಕರಡು ತಯಾರಿಸಿದ್ದು ಮೆಕ್‌ಜಾರ್ಜ್ ಬಂಡಿ ಎಂಬ ತರುಣ. ದಂಡಯಾತ್ರೆಯಲ್ಲಿ ಅಮೆರಿಕದ ಸೇನೆಯೊಂದಕ್ಕೇ ಹತ್ತು ಲಕ್ಷಕ್ಕೂ ಮೀರಿದ ಸಾವುನೋವಾಗಬಹುದಿತ್ತು ಎಂಬ ಮಾತು ನಾಡಿಗೆಲ್ಲ ಹರಡಿದ್ದು ಅಲ್ಲಿಂದ. ಅವರು ಬರೆದದ್ದು ಸಾವುನೋವು. ಬಾಯಿಂದ ಬಾಯಿಗೆ ಹೋಗುತ್ತ ನೋವು ಉದುರಿ ಬರೀ ಸಾವು ಉಳಿಯಿತು.

1952ರ ಕೊನೆಯಲ್ಲಿ ಟ್ರೂಮನ್ ಒಂದು ಪತ್ರಕ್ಕೆ ಉತ್ತರ ಬರೆಯುತ್ತ, ಎರಡೂವರೆ ಲಕ್ಷ ಸಾವುನೋವೆಂದು ಮಾರ್ಷಲ್ ತಮಗೆ ಹೇಳಿದ್ದಾಗಿ ಕೈಬರಹದ ಕರಡಿನಲ್ಲಿ ಹಾಕಿದ್ದರು. ಸ್ಟಿಮ್ಸನ್ ಲೇಖನಕ್ಕೆ ತಾಳೆಯಾಗಲಿ ಎಂದು ಸಿಬ್ಬಂದಿ ಅದನ್ನು ತಿದ್ದಿದರು. ಜನವರಿಯಲ್ಲಿ ಹೊರಟ ಪತ್ರದಲ್ಲಿ ‘ಕನಿಷ್ಠ ಎರಡೂವರೆ ಲಕ್ಷ, ಹತ್ತು ಲಕ್ಷವೂ ಆಗಬಹುದಿತ್ತು’ ಎಂದಿತ್ತು. 1955ರ ಆತ್ಮಕಥೆಯಲ್ಲಿ ಅದು ಐದು ಲಕ್ಷ ಅಮೆರಿಕನ್ ಜೀವಗಳಾಯಿತು.

ನ್ಯಾಯಾಲಯಗಳು ಈ ವಿಷಯದ ಅಂಚಿನಲ್ಲೇ ಸುಳಿದವು. ಟೋಕಿಯೊ ಯುದ್ಧಾಪರಾಧ ನ್ಯಾಯಮಂಡಳಿಯಲ್ಲಿ ಕೂತಿದ್ದ ನಮ್ಮ ರಾಧಾಬಿನೋದ್ ಪಾಲ್, ಪೆಸಿಫಿಕ್ ಯುದ್ಧದಲ್ಲಿ ನಾಜಿ ನಾಯಕರ ಆದೇಶಗಳಿಗೆ ಹತ್ತಿರ ಬರುವ ಕೃತ್ಯವೆಂದರೆ ಅಣುಬಾಂಬ್ ಬಳಸುವ ನಿರ್ಧಾರವೊಂದೇ ಎಂದು ಭಿನ್ನ ತೀರ್ಪಿನಲ್ಲಿ ಬರೆದರು. 1963ರ ಡಿಸೆಂಬರ್‌ನಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಎರಡೂ ದಾಳಿಗಳು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಎಂದಿತು. ದಾವೆ ಹೂಡಿದ್ದ ಸಂತ್ರಸ್ತರಿಗೆ ಪರಿಹಾರ ಮಾತ್ರ ಸಿಗಲಿಲ್ಲ.

ರದ್ದಾದ ಪ್ರದರ್ಶನದ ಆ ವಿಮಾನವನ್ನು 2003ರಲ್ಲಿ ವಾಷಿಂಗ್ಟನ್ ಸಮೀಪದ ಡಲ್ಲೆಸ್ ವಿಮಾನ ನಿಲ್ದಾಣದ ಪಕ್ಕದ ಕಟ್ಟಡದಲ್ಲಿ ಪೂರ್ತಿಯಾಗಿ ಜೋಡಿಸಿ ನಿಲ್ಲಿಸಿದರು. ಮುಂದಿಟ್ಟ ಫಲಕದಲ್ಲಿ ರೆಕ್ಕೆಯ ಅಗಲ, ವಿಮಾನದ ತೂಕ, ವೇಗ ಎಲ್ಲ ಅಂಕಿಗಳಲ್ಲಿ ಇದ್ದವು. ಹಿರೋಷಿಮಾದಲ್ಲಿ 1945ರ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000. ಆ ಅಂಕಿ ಫಲಕದಲ್ಲಿ ಇರಲಿಲ್ಲ. ಹತ್ತು ಲಕ್ಷವೂ ಇರಲಿಲ್ಲ.