ಅಳುವಿಗೆ ನಾವು ಇಡುವ ಹೆಸರು

ನನ್ನ ಮೇಜಿನ ಡ್ರಾಯರ್‌ನಲ್ಲಿ ಹನ್ನೆರಡು ಕಾರ್ಡುಗಳ ಒಂದು ಕಟ್ಟಿದೆ. ಒಂದೊಂದರ ಮೇಲೂ ಒಂದೊಂದು ಮುಖ. ಖುಷಿ, ಭಯ, ಸಿಟ್ಟು, ನಾಚಿಕೆ, ಬೇಜಾರು, ಹೀಗೆ. ಕೌನ್ಸೆಲಿಂಗ್‌ಗೆ ಬಂದು ಬಾಯಿ ಬಿಡದ ಮಕ್ಕಳು ಕಾರ್ಡು ಎತ್ತಿ ತೋರಿಸುತ್ತಾರೆ. ಎಂಟು ವರ್ಷದ ಒಬ್ಬ ಹುಡುಗ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಮೊದಲ ದಿನ ಕೇಳಿದ್ದಕ್ಕೆಲ್ಲ ಒಂದೇ ಕಾರ್ಡು ಎತ್ತಿದ. ಅಜ್ಜ ತೀರಿಕೊಂಡಾಗ? ಸಿಟ್ಟು. ಗೆಳೆಯ ಬೇರೆ ಶಾಲೆಗೆ ಹೋದಾಗ? ಸಿಟ್ಟು. ರಾತ್ರಿ ಕರೆಂಟ್ ಹೋದರೆ? ಭಯದ ಮುಖದ ಮೇಲೆ ಬೆರಳಿಟ್ಟ. ಪಕ್ಕದಲ್ಲಿ ಕೂತಿದ್ದ ಅಪ್ಪನನ್ನು ನೋಡಿದ. ಬೆರಳು ಮೆಲ್ಲಗೆ ಸಿಟ್ಟಿನ ಕಾರ್ಡಿಗೆ ಸರಿಯಿತು.

"ಗಂಡುಮಕ್ಕಳಿಗೆ ಸಿಟ್ಟು ಸ್ವಲ್ಪ ಜಾಸ್ತಿ, ಅಲ್ವಾ ಮೇಡಂ?" ಅಂದರು ಅಪ್ಪ.

ಇಂಥ ಮಾತು ಬಂದಾಗ ನಾನು ಒಂದು ಹಳೆಯ ಪ್ರಯೋಗದ ಕಥೆ ಹೇಳುತ್ತೇನೆ. 1976ರಲ್ಲಿ ಅಮೆರಿಕದ ಜಾನ್ ಕಾಂಡ್ರಿ ಮತ್ತು ಸಾಂಡ್ರಾ ಕಾಂಡ್ರಿ ಎಂಬ ಸಂಶೋಧಕರು ಒಂದು ಮಗುವಿನ ವಿಡಿಯೊ ತೋರಿಸಿದರು. ಡಬ್ಬಿಯೊಳಗಿಂದ ಗೊಂಬೆ ಫಕ್ಕನೆ ಮೇಲೆ ಹಾರುತ್ತದೆ, ಮಗು ಬೆಚ್ಚಿ ಅಳುತ್ತದೆ. ನೋಡಿದವರಲ್ಲಿ ಅರ್ಧ ಜನಕ್ಕೆ ಇದು ಗಂಡು ಮಗು ಎಂದಿದ್ದರು, ಉಳಿದವರಿಗೆ ಹೆಣ್ಣು ಎಂದಿದ್ದರು. ಗಂಡು ಅಂದುಕೊಂಡವರಿಗೆ ಆ ಅಳುವಿನಲ್ಲಿ ಸಿಟ್ಟು ಜಾಸ್ತಿ ಕಂಡಿತು. ಹೆಣ್ಣು ಅಂದುಕೊಂಡವರಿಗೆ ಭಯ ಕಂಡಿತು. ಮಗು ಒಂದೇ, ಅಳುವೂ ಒಂದೇ.

ತನಗೆ ಆಗುತ್ತಿರುವುದು ಏನು ಅಂತ ಮಗುವಿಗೆ ಹುಟ್ಟುತ್ತಲೇ ಗೊತ್ತಿರುವುದಿಲ್ಲ. ಎದೆ ಡವಡವ ಅನ್ನುತ್ತದೆ, ಮೈ ಬಿಸಿಯಾಗುತ್ತದೆ. ಅದಕ್ಕೆ ಹೆಸರು ಕೊಡುವವರು ನಾವು. "ಹೆದರಿಕೊಂಡ್ಯಾ ಕಂದ?" ಅಂತ ಕೇಳಿಸಿಕೊಂಡೇ ಬೆಳೆದ ಮಗುವಿಗೆ ಆ ಡವಡವ ಭಯವಾಗುತ್ತದೆ. "ಎಷ್ಟು ಕೋಪ ನೋಡು ಇವನಿಗೆ!" ಅಂತ ಕೇಳಿಸಿಕೊಂಡ ಮಗುವಿಗೆ ಅದೇ ಡವಡವ ಕೋಪ. ಎಂಟು ವರ್ಷ ಹೀಗೇ ನಡೆದರೆ ಹನ್ನೆರಡು ಕಾರ್ಡುಗಳಲ್ಲಿ ಹನ್ನೊಂದು ಕೆಲಸಕ್ಕೆ ಬರುವುದಿಲ್ಲ.

ಭಾವನೆ ಒಂದೇ ಅಲ್ಲ, ಮೈಯ ಕಸುವಿನ ಲೆಕ್ಕವೂ ಹೀಗೇ ತಪ್ಪುತ್ತದೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹನ್ನೊಂದು ತಿಂಗಳ ಮಕ್ಕಳ ತಾಯಂದಿರಿಗೆ ಒಂದು ಇಳಿಜಾರು ತೋರಿಸಿ, ನಿಮ್ಮ ಮಗು ಎಷ್ಟು ಕಡಿದಾದುದನ್ನು ಅಂಬೆಗಾಲಲ್ಲಿ ಇಳಿದೀತು ಅಂತ ಕೇಳಿದರು. ಗಂಡುಮಕ್ಕಳ ತಾಯಂದಿರು ಇದ್ದುದಕ್ಕಿಂತ ಜಾಸ್ತಿ ಹೇಳಿದರು, ಹೆಣ್ಣುಮಕ್ಕಳ ತಾಯಂದಿರು ಕಡಿಮೆ ಹೇಳಿದರು. ಮಕ್ಕಳನ್ನೇ ಬಿಟ್ಟು ನೋಡಿದರೆ ಇಬ್ಬರಲ್ಲೂ ವ್ಯತ್ಯಾಸ ಇರಲಿಲ್ಲ.

ಎರಡು ಮೂರು ವರ್ಷಕ್ಕೆ ಮಕ್ಕಳು ತಾನು ಹುಡುಗ, ತಾನು ಹುಡುಗಿ ಅಂತ ಹೇಳಲು ಕಲಿಯುತ್ತಾರೆ. ಐದಾರು ವರ್ಷಕ್ಕೆ ನೋಡಿ, ಅವರಷ್ಟು ಕಟ್ಟುನಿಟ್ಟಿನ ಪೊಲೀಸರು ಬೇರೆ ಇಲ್ಲ! "ಅದು ಹುಡುಗೀರ ಆಟ" ಅಂತ ತೀರ್ಪು ಕೊಡುವವರು ದೊಡ್ಡವರಿಗಿಂತ ಅವರೇ ಜಾಸ್ತಿ. 2017ರ ಇನ್ನೊಂದು ಅಧ್ಯಯನ ನನ್ನನ್ನು ಇವತ್ತಿಗೂ ಕಾಡುತ್ತದೆ. "ತುಂಬಾ ತುಂಬಾ ಜಾಣರು ಯಾರು?" ಎಂದರೆ ಐದು ವರ್ಷದ ಹುಡುಗಿಯರೂ ಹುಡುಗರಂತೆಯೇ ತಮ್ಮವರ ಕಡೆ ಕೈ ತೋರಿಸಿದರು. ಆರು ದಾಟುವಷ್ಟರಲ್ಲಿ ಹುಡುಗಿಯರ ಕೈ ಹಿಂದೆ ಸರಿದಿತ್ತು. ಮಾರ್ಕ್ಸ್ ಯಾರಿಗೆ ಜಾಸ್ತಿ ಬರುತ್ತದೆ ಎಂದರೆ ಮಾತ್ರ ಅದೇ ಹುಡುಗಿಯರು ತಮ್ಮವರನ್ನೇ ತೋರಿಸಿದರು. ಅಂದರೆ ಕಣ್ಣೆದುರಿನ ಮಾರ್ಕ್ಸ್ ಕೂಡ ಆ ನಂಬಿಕೆಯನ್ನು ಅಲುಗಾಡಿಸಲಿಲ್ಲ.

ಹಾಗಾದರೆ ಎಲ್ಲವೂ ಬೆಳೆಸುವವರ ಕೈಯಲ್ಲೇ ಇದೆಯಾ? ಇಲ್ಲ. ಗಂಡು ಹೀಗಿರಬೇಕು, ಹೆಣ್ಣು ಹೀಗಿರಬೇಕು ಅನ್ನುವ ಪಾತ್ರವನ್ನು ಸಮಾಜ ಕಲಿಸುತ್ತದೆ. ತಾನು ಯಾರು ಅನ್ನುವ ಒಳಗಿನ ಅರಿವನ್ನು ಹಾಗೆ ಕಲಿಸಲು ಆಗುವುದಿಲ್ಲ. ಕೆನಡಾದಲ್ಲಿ 1965ರಲ್ಲಿ ಹುಟ್ಟಿದ ಡೇವಿಡ್ ರೈಮರ್ ಎಂಬ ಹುಡುಗನ ಜನನಾಂಗ ಕೂಸಾಗಿದ್ದಾಗ ಶಸ್ತ್ರಚಿಕಿತ್ಸೆಯಲ್ಲಿ ಹಾಳಾಯಿತು. ಜಾನ್ ಮನಿ ಎಂಬ ಮನಶ್ಶಾಸ್ತ್ರಜ್ಞನ ಸಲಹೆಯಂತೆ ಅವನನ್ನು ಹುಡುಗಿಯಾಗಿ ಬೆಳೆಸಿದರು. ಹೆಸರು, ಬಟ್ಟೆ, ಗೊಂಬೆ ಎಲ್ಲ ಬದಲಾಯಿತು. ಅವನು ಒಪ್ಪಲಿಲ್ಲ. ಹದಿಹರೆಯದಲ್ಲಿ ನಿಜ ತಿಳಿದದ್ದೇ ಹುಡುಗನಾಗಿ ಬದುಕತೊಡಗಿದ.

"ಮಗ ತನ್ನನ್ನು ಮಗಳು ಅಂತಾನೆ, ನಾವು ಬೆಳೆಸಿದ್ದರಲ್ಲೇ ತಪ್ಪಾಯ್ತಾ?" ಅಂತ ಕೇಳುವ ತಂದೆತಾಯಿಗೆ ನಾನು ಈ ಕಥೆಯನ್ನೂ ಹೇಳುತ್ತೇನೆ. ಹೊರಗಿನಿಂದ ತುಂಬಲು ಬಾರದ್ದನ್ನು ಹೊರಗಿನಿಂದ ಕೆಡಿಸಿದ್ದೀರಿ ಅನ್ನಲು ಆಗುವುದಿಲ್ಲ. ಅದು ಕಾಯಿಲೆಯೂ ಅಲ್ಲ. 2019ರಲ್ಲಿ ಒಪ್ಪಿಗೆ ಪಡೆದು 2022ರಿಂದ ಜಾರಿಯಾದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಅದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದುಹಾಕಿದೆ.

ಸಿಟ್ಟಿನ ಹುಡುಗನ ಅಪ್ಪನಿಗೆ ಒಂದು ಕೆಲಸ ಕೊಟ್ಟೆ. ಮನೆಯಲ್ಲಿ ಅವನಿಗಿಂತ ಚಿಕ್ಕವಳು ಒಬ್ಬ ತಂಗಿಯೂ ಇದ್ದಳು. ಇಬ್ಬರಲ್ಲಿ ಯಾರೇ ಬಿದ್ದರೂ ಅತ್ತರೂ ನಿಮ್ಮ ಬಾಯಿಂದ ಬಂದ ಮೊದಲ ಮಾತನ್ನು ಹಾಗೇ ಬರೆದಿಡಿ, ತಿದ್ದಬೇಡಿ ಅಂದೆ. ವಾರ ಬಿಟ್ಟು ನೋಟ್‌ಬುಕ್ ತಂದರು. ಮೂರನೇ ಪುಟದಲ್ಲಿ ಹೀಗಿತ್ತು:

"ಮಗ ಸೈಕಲ್‌ನಿಂದ ಬಿದ್ದ. ನಾನು: ಏನಾಗಿಲ್ಲ, ಏಳು, ಇನ್ನೊಂದು ರೌಂಡ್ ಹೊಡಿ.
ಮಗಳು ಬಿದ್ದಳು. ನಾನು: ಅಯ್ಯೋ ಪುಟ್ಟಿ, ನೋವಾಯ್ತಾ? ಸಾಕು ಬಾ ಇವತ್ತಿಗೆ."

ಮೊದಲ ಸಾಲಿನ ಕೆಳಗೆ ಅವರೇ ಗೆರೆ ಎಳೆದಿದ್ದರು. ಮಗನಿಗೆ ನೋವಾಯ್ತಾ ಅಂತ ಕೇಳಲೇ ಇಲ್ಲ ಮೇಡಂ ಅಂದರು. ನಾನು ಪೆನ್ ತೆಗೆದುಕೊಂಡು "ಸಾಕು ಬಾ ಇವತ್ತಿಗೆ" ಅನ್ನುವುದರ ಕೆಳಗೂ ಒಂದು ಗೆರೆ ಎಳೆದೆ. ಅಲ್ಲಿಯವರೆಗೆ ನಾವಿಬ್ಬರೂ ಮಗನ ಬಗ್ಗೆ ಮಾತ್ರ ಮಾತಾಡಿದ್ದೆವು.